ಹೊಗೆ ಮೈಗೆ ಎಷ್ಟು ಸೇರಿದೆ? ಕೊಟಿನಿನ್ ಟೆಸ್ಟ್ ಮಾಡಿಸುವ ಮುಂಚೆ ಓದಿ

"ಮೇಡಂ, ಎರಡು ಗೆರೆ ಬಂದ್ಬಿಟ್ಟಿದೆ. ಈಗೇನ್ ಮಾಡೋದು?"

ಬೆಳಿಗ್ಗೆ ಏಳು ಗಂಟೆ. ಫೋನ್ ಮಾಡಿದವರು ನಾನು ಕೆಲಸ ಮಾಡುವ ಲ್ಯಾಬಿಗೆ ಶುಗರ್ ಟೆಸ್ಟಿಗೆ ಬರುವ ಪರಿಚಯದವರು. ಸಿಗರೇಟ್ ಬಿಟ್ಟು ಹದಿನೈದು ದಿನ ಆಗಿತ್ತು. ಟರ್ಮ್ ಇನ್ಶೂರೆನ್ಸ್‌ ಮೆಡಿಕಲ್‌ಗೆ ಹೋಗುವ ಮುಂಚೆ ಸುಮ್ನೆ ಒಮ್ಮೆ ನೋಡೋಣ ಅಂತ ಆನ್‌ಲೈನ್‌ನಲ್ಲಿ ಮೂತ್ರದ ಸ್ಟ್ರಿಪ್ ತರಿಸಿದ್ದರು. ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡಿದ್ದರು. ಅಳುವುದೊಂದು ಬಾಕಿ.

"ಎರಡು ಗೆರೆ ಬಂದ್ರೆ ಒಳ್ಳೇದೇ ಸಾರ್. ಅದು ನೆಗೆಟಿವ್."

ನಂಬಲೇ ಇಲ್ಲ. ತಪ್ಪು ಅವರದಲ್ಲ. ಎರಡು ಗೆರೆ ಅಂದರೆ ಪಾಸಿಟಿವ್ ಅಂತ ಬಸಿರಿನ ಸ್ಟ್ರಿಪ್ಪೂ ಕೋವಿಡ್ ಕಿಟ್ಟೂ ನಮ್ಮೆಲ್ಲರ ತಲೆಗೆ ತುಂಬಿಬಿಟ್ಟಿವೆ. ತಂಬಾಕಿನ ಸ್ಟ್ರಿಪ್ ಇದಕ್ಕೆ ಉಲ್ಟಾ. ಇದರಲ್ಲಿ ಬಣ್ಣದ ಕಣ ಕಟ್ಟಿದ ಆಂಟಿಬಾಡಿ ಇರುತ್ತದೆ. 'ಟಿ' ಗೆರೆ ಮೂಡುವ ಜಾಗಕ್ಕೆ ಕೊಟಿನಿನ್ ಅನ್ನೋ ವಸ್ತುವನ್ನು (ತಂಬಾಕಿನ ನಿಕೋಟಿನ್ ನಮ್ಮ ಮೈಯಲ್ಲಿ ಬದಲಾಗಿ ಆಗುವುದೇ ಇದು) ತಯಾರಕರೇ ಮೊದಲೇ ಹಚ್ಚಿಟ್ಟಿರುತ್ತಾರೆ. ನಿಮ್ಮ ಮೂತ್ರದಲ್ಲಿ ಕೊಟಿನಿನ್ ಇಲ್ಲದಿದ್ದರೆ ಆಂಟಿಬಾಡಿ ನೇರ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ, ಗೆರೆ ಕಾಣುತ್ತದೆ. ಮೂತ್ರದಲ್ಲೇ ಜಾಸ್ತಿ ಇದ್ದರೆ ಆಂಟಿಬಾಡಿಯ ಕೈ ದಾರಿಯಲ್ಲೇ ತುಂಬಿಹೋಗಿರುತ್ತದೆ. ಗೆರೆ ಮೂಡುವುದಿಲ್ಲ. ಹಾಗಾಗಿ ಸ್ಟ್ರಿಪ್ ಸರಿ ಇದೆ ಅಂತ ತೋರಿಸುವ 'ಸಿ' ಗೆರೆ ಒಂದೇ ಕಂಡರೆ ಪಾಸಿಟಿವ್. 'ಟಿ' ಗೆರೆ ಎಷ್ಟೇ ಮಸುಕಾಗಿದ್ದರೂ ಮೂಡಿದ್ದರೆ ನೆಗೆಟಿವ್. 'ಸಿ' ಗೆರೆಯೇ ಬರಲಿಲ್ಲವೋ, ಸ್ಟ್ರಿಪ್ ಕೆಟ್ಟಿದೆ, ಬಿಸಾಡಿ. ಪ್ಯಾಕೆಟ್ ಮೇಲೆ ಹೇಳಿದ ಸಮಯಕ್ಕೇ ನೋಡಬೇಕು. ಅರ್ಧ ಗಂಟೆ ಬಿಟ್ಟು ನೋಡಿದ ಗೆರೆಗೆ ಬೆಲೆ ಇಲ್ಲ.

ಹೊಗೆ ಮೈಗೆ ಸೇರಿದೆಯೇ ಎಂದು ತಿಳಿಯಲು ಲ್ಯಾಬಿನಲ್ಲಿ ಹಲವು ಟೆಸ್ಟ್‌ಗಳಿವೆ. ಒಂದೊಂದು ಟೆಸ್ಟ್ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಸರಿಯಾದ ಟೆಸ್ಟಿಗೆ ತಪ್ಪು ಪ್ರಶ್ನೆ ಕೇಳಿ ದುಡ್ಡು ಕಳೆದುಕೊಳ್ಳುವವರನ್ನು ನಾನು ಕೌಂಟರಿನಲ್ಲಿ ಆಗಾಗ ನೋಡುತ್ತಿರುತ್ತೇನೆ.

ನಿಕೋಟಿನ್ ಬಿಟ್ಟು ಕೊಟಿನಿನ್ ಯಾಕೆ?

ಹೊಗೆಯ ಜೊತೆ ಒಳಗೆ ಹೋದ ನಿಕೋಟಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು 2 ಗಂಟೆಗೆ ಅರ್ಧ ಆಗುತ್ತದೆ. ಲಿವರ್ ಅದರಲ್ಲಿ ನೂರಕ್ಕೆ 70ರಿಂದ 80 ಪಾಲನ್ನು ಕೊಟಿನಿನ್ ಆಗಿ ಬದಲಾಯಿಸುತ್ತದೆ. ಕೊಟಿನಿನ್ ಅರ್ಧ ಆಗಲು ಸುಮಾರು 16ರಿಂದ 18 ಗಂಟೆ ಬೇಕು. ಅಂದರೆ ನಿನ್ನೆ, ಮೊನ್ನೆಯ ಹೊಗೆಯ ಗುರುತೂ ಇವತ್ತಿನ ಸ್ಯಾಂಪಲ್‌ನಲ್ಲಿ ಸಿಗುತ್ತದೆ. ಅದಕ್ಕೇ ಎಲ್ಲರೂ ಇದನ್ನೇ ಅಳೆಯುವುದು.

ಲೆಕ್ಕ ನೀವೇ ಹಾಕಿ ನೋಡಿ. ದಿನಾ ಸೇದುವವರ ರಕ್ತದಲ್ಲಿ ಒಂದು ಮಿಲಿಲೀಟರಿಗೆ 100ರಿಂದ 300 ನ್ಯಾನೋಗ್ರಾಂ ಕೊಟಿನಿನ್ ಇರುವುದು ಸಾಮಾನ್ಯ. 250 ಅಂತ ಇಟ್ಟುಕೊಳ್ಳಿ. ಬಿಟ್ಟ ಮೇಲೆ 125, 62, 31, 16, 8. ಐದು ಸಲ ಅರ್ಧ ಆದರೆ 10ಕ್ಕಿಂತ ಕೆಳಗೆ. ಸುಮಾರು ಮೂರೂವರೆ ದಿನ. ಆದರೆ ಎಲ್ಲರ ಲಿವರ್ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. ಕಿಡ್ನಿ ತೊಂದರೆ ಇದ್ದರೆ ಇನ್ನೂ ನಿಧಾನ. ಆದ್ದರಿಂದ ಯಾರಾದರೂ ಕೇಳಿದರೆ ನಾನು ಒಂದು ವಾರದಿಂದ ಹತ್ತು ದಿನ ಅಂತಲೇ ಹೇಳುವುದು. ಬಸುರಿಯರಲ್ಲಿ ಉಲ್ಟಾ: ಕೊಟಿನಿನ್ ಬೇಗ ಕರಗುತ್ತದೆ, ಸುಮಾರು 9 ಗಂಟೆಗೇ ಅರ್ಧ. ಹಾಗಾಗಿ ಅವರ ರಿಪೋರ್ಟಿನಲ್ಲಿ ಸಂಖ್ಯೆ ಕಡಿಮೆ ಬಂತು ಅಂತ ಹೊಗೆ ಕಡಿಮೆ ಹೋಗಿದೆ ಅಂದುಕೊಳ್ಳಬಾರದು.

ಮೊದಲು: ಟೆಸ್ಟ್ ಯಾಕೆ ಬೇಕು ಅಂತ ತೀರ್ಮಾನಿಸಿ

ಇದೇ ಮುಖ್ಯ ಹೆಜ್ಜೆ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಬರುವವರಲ್ಲಿ ಮೂರು ಬಗೆ. ಇನ್ಶೂರೆನ್ಸ್‌ನವರು ಕೇಳಿದರು ಅಂತ ಬರುವವರು ಒಂದು. ಆಪರೇಷನ್‌ಗೆ ಮುಂಚೆ ಸರ್ಜನ್ ಬರೆದುಕೊಟ್ಟರು ಅಂತ ಬರುವವರು ಇನ್ನೊಂದು. ಬೆನ್ನುಮೂಳೆ ಕೂಡಿಸುವ ಆಪರೇಷನ್, ಪ್ಲಾಸ್ಟಿಕ್ ಸರ್ಜರಿ, ಅಂಗ ಕಸಿ, ಇವುಗಳಿಗೆ ಡಾಕ್ಟರುಗಳು ತಂಬಾಕು ಬಿಟ್ಟಿರುವುದು ನಿಜವಾ ಅಂತ ನೋಡುತ್ತಾರೆ. ತಂಬಾಕು ಗಾಯ ಒಣಗಲು ಬಿಡುವುದಿಲ್ಲ, ಮೂಳೆ ಕೂಡಲು ಬಿಡುವುದಿಲ್ಲ. ಮೂರನೆಯವರು ತಾವು ಸೇದದೆ ಬೇರೆಯವರ ಹೊಗೆ ಕುಡಿಯುವವರು. ಹೆಚ್ಚಾಗಿ ಮಕ್ಕಳು.

ಮೊದಲ ಎರಡು ಗುಂಪಿನ ಪ್ರಶ್ನೆ "ಈತ ತಂಬಾಕು ಬಳಸುತ್ತಾನಾ ಇಲ್ಲವಾ" ಅಷ್ಟೇ. ಸ್ಟ್ರಿಪ್ ಸಾಕು, ಅಥವಾ ರಕ್ತ ಇಲ್ಲವೇ ಮೂತ್ರದ ಸಾಮಾನ್ಯ ಕೊಟಿನಿನ್ ಟೆಸ್ಟ್ ಸಾಕು. ಮೂರನೆಯವರ ಪ್ರಶ್ನೆ ಬೇರೆ: "ಹೊಗೆ ಎಷ್ಟು ಹೋಗಿದೆ?" ಇದಕ್ಕೆ ಸ್ಟ್ರಿಪ್ ಕೆಲಸಕ್ಕೆ ಬರುವುದಿಲ್ಲ.

ಒಬ್ಬ ತಾಯಿ ಬಂದಿದ್ದರು. ನಾಲ್ಕು ವರ್ಷದ ಮಗನಿಗೆ ಉಬ್ಬಸ. ತಿಂಗಳಿಗೆ ಎರಡು ಸಲ ನೆಬ್ಯುಲೈಸರ್. ಮಾವ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಾರೆ, ಗಂಡ ಬಾಲ್ಕನಿಯಲ್ಲಿ ಸಿಗರೇಟ್. "ಮನೆಯೊಳಗೆ ಸೇದಲ್ಲ ಅಲ್ವಾ, ಮಗೂಗೆ ಏನೂ ಆಗಲ್ಲ" ಅಂತ ಇಬ್ಬರ ವಾದ. ಬೇರೆ ಒಂದು ಕಡೆ ಮಗುವಿನ ಮೂತ್ರ ಟೆಸ್ಟ್ ಮಾಡಿಸಿ 'ನೆಗೆಟಿವ್' ಅನ್ನುವ ರಿಪೋರ್ಟ್ ತಂದಿದ್ದರು. ಗಂಡಸರಿಬ್ಬರೂ ಗೆದ್ದಂತಾಯಿತು.

ರಿಪೋರ್ಟಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಕಟ್-ಆಫ್ 200 ಅಂತ ಇತ್ತು. ಅಂದರೆ ಮಿಲಿಲೀಟರಿಗೆ 200 ನ್ಯಾನೋಗ್ರಾಂ ದಾಟಿದರೆ ಮಾತ್ರ ಪಾಸಿಟಿವ್. ಸೇದುವವರನ್ನು ಹಿಡಿಯಲು ಇಟ್ಟ ಗೆರೆ ಅದು. ಬೇರೆಯವರ ಹೊಗೆ ಕುಡಿಯುವ ಮಗುವಿನ ಮೂತ್ರದಲ್ಲಿ ಅಷ್ಟು ಬರುವುದೇ ಇಲ್ಲ. ಭತ್ತದ ಮೂಟೆ ತೂಗುವ ಕಾಟಾದಲ್ಲಿ ಮೂಗುಬೊಟ್ಟು ಇಟ್ಟು "ತೂಕವೇ ಇಲ್ಲ" ಅಂದ ಹಾಗೆ. ಡಾಕ್ಟರ ಹತ್ತಿರ ಚೀಟಿ ಬದಲಾಯಿಸಿಕೊಂಡು ಬರಲು ಹೇಳಿದೆ. ಸಂಖ್ಯೆ ಬರುವ ಟೆಸ್ಟ್ ಮಾಡಿದಾಗ ಮೂತ್ರದಲ್ಲಿ 14 ನ್ಯಾನೋಗ್ರಾಂ ಬಂತು.

ಲ್ಯಾಬಿನಲ್ಲಿ ಏನು ಕೇಳಬೇಕು

ಕೌಂಟರಿನಲ್ಲಿ ಬರೀ "ನಿಕೋಟಿನ್ ಟೆಸ್ಟ್" ಅನ್ನಬೇಡಿ. ಮೂರು ಮಾತು ಕೇಳಿ. ಇದು ಹೌದು-ಇಲ್ಲ ಟೆಸ್ಟಾ, ಸಂಖ್ಯೆ ಬರುತ್ತದಾ? ಎಷ್ಟು ಕಡಿಮೆ ಇದ್ದರೂ ಅಳೆಯಬಲ್ಲಿರಿ? ಇಲ್ಲೇ ಮಾಡುತ್ತೀರಾ, ಹೊರಗೆ ಕಳಿಸುತ್ತೀರಾ?

ಎರಡನೆಯ ಪ್ರಶ್ನೆ ಕೇಳಿದಾಗ ಕೌಂಟರಿನ ಹುಡುಗ ಮುಖ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಒಳಗಿನ ಟೆಕ್ನೀಷಿಯನ್‌ನ ಕರೆಯಲು ಹೇಳಿ. ಮಗುವಿಗಾದರೆ ರಕ್ತದಲ್ಲಿ 1 ನ್ಯಾನೋಗ್ರಾಂಗಿಂತ ಕೆಳಗೂ ಅಳೆಯುವ ವಿಧಾನ ಬೇಕು. ಅದಕ್ಕೆ ಎಲ್‌ಸಿ-ಎಂಎಸ್/ಎಂಎಸ್ ಅನ್ನುವ ಯಂತ್ರ ಒಳ್ಳೆಯದು. ಊರೂರಿನ ಲ್ಯಾಬಿನಲ್ಲಿ ಅದು ಇರುವುದಿಲ್ಲ, ದೊಡ್ಡ ಊರಿನ ರೆಫರೆನ್ಸ್ ಲ್ಯಾಬಿಗೆ ಸ್ಯಾಂಪಲ್ ಹೋಗುತ್ತದೆ. ರಿಪೋರ್ಟ್ ಬರಲು ಕೆಲವು ದಿನ ಬೇಕು. ಅಮೆರಿಕದ ಸಿಡಿಸಿ ಸಂಸ್ಥೆ ತನ್ನ ಆರೋಗ್ಯ ಸರ್ವೆಯಲ್ಲಿ 0.015 ನ್ಯಾನೋಗ್ರಾಂವರೆಗೂ ಅಳೆಯುತ್ತದೆ. ಅಲ್ಲಿ 1988ರಿಂದ 91ರ ನಡುವೆ, ಇಷ್ಟು ಸೂಕ್ಷ್ಮ ವಿಧಾನ ಇಲ್ಲದಿದ್ದಾಗಲೇ, ಸೇದದವರಲ್ಲೂ ನೂರಕ್ಕೆ ಸುಮಾರು 88 ಜನರ ರಕ್ತದಲ್ಲಿ ಕೊಟಿನಿನ್ ಸಿಕ್ಕಿತ್ತು. ಬೇರೆಯವರ ಹೊಗೆ ಸೇದದವರ ರಕ್ತದಲ್ಲೂ ಗುರುತು ಬಿಡುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಲ್ಯಾಬುಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯಾ ಅಂತ ನೋಡಿ. ಆದರೆ ಲ್ಯಾಬಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಕೊಟಿನಿನ್ ಟೆಸ್ಟಿಗೂ ಇದೆ ಅಂತಲ್ಲ. ಮಾನ್ಯತೆ ಟೆಸ್ಟ್ ಟೆಸ್ಟಿಗೆ ಬೇರೆ. ದರ ಲ್ಯಾಬಿನಿಂದ ಲ್ಯಾಬಿಗೆ ತುಂಬಾ ಬದಲಾಗುತ್ತದೆ, ಎರಡು ಕಡೆ ಫೋನ್ ಮಾಡಿ ಕೇಳಿ.

ರಕ್ತವಾ, ಮೂತ್ರವಾ, ಎಂಜಲಾ?

ರಕ್ತದ ಸಂಖ್ಯೆ ಎಲ್ಲಕ್ಕಿಂತ ಸ್ಥಿರ. ನೀರು ಜಾಸ್ತಿ ಕುಡಿದರೂ ಬದಲಾಗುವುದಿಲ್ಲ. ಮೂತ್ರದಲ್ಲಿ ಕೊಟಿನಿನ್ ರಕ್ತಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿ ಸ್ವಲ್ಪ ಹೊಗೆಯೂ ಬೇಗ ಸಿಗುತ್ತದೆ, ಮಗುವಿಗೆ ಸೂಜಿ ಚುಚ್ಚುವ ಗೋಳೂ ಇಲ್ಲ. ಎಂಜಲಿನ ಸಂಖ್ಯೆ ಹೆಚ್ಚುಕಡಿಮೆ ರಕ್ತದಂತೆಯೇ ಇರುತ್ತದೆ. ಹತ್ತಿ ಉಂಡೆ ಬಾಯಲ್ಲಿಟ್ಟು ನೆನೆಸಿಕೊಟ್ಟರೆ ಆಯಿತು, ಆದರೆ ನಮ್ಮ ಕಡೆ ಮಾಡುವ ಲ್ಯಾಬ್ ಕಡಿಮೆ.

ಕೂದಲಿನ ಟೆಸ್ಟೂ ಇದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಬುಡದ 3 ಸೆಂಟಿಮೀಟರ್ ಕತ್ತರಿಸಿದರೆ ಮೂರು ತಿಂಗಳ ಹೊಗೆಯ ಕಥೆ ಸಿಗುತ್ತದೆ. ಬಣ್ಣ, ಬ್ಲೀಚ್ ಹಾಕಿದ ಕೂದಲಾದರೆ ಸಂಖ್ಯೆ ಕೆಡುತ್ತದೆ. ಇದು ಹೆಚ್ಚಾಗಿ ಸಂಶೋಧನೆಯವರ ಟೆಸ್ಟ್. ನೀವು ದುಡ್ಡು ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಸ್ಯಾಂಪಲ್ ಕೊಡುವ ದಿನ

ಖಾಲಿ ಹೊಟ್ಟೆ ಬೇಡ. ತಿಂಡಿ ತಿಂದು ಬನ್ನಿ. ಮೂತ್ರವಾದರೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಗಟ್ಟಿ ಇರುತ್ತದೆ. ಡಬ್ಬಿ ಲ್ಯಾಬಿನಿಂದಲೇ ಮುಂಚಿನ ದಿನ ತೆಗೆದುಕೊಂಡು ಹೋಗಿ. ಜಾಮ್ ಬಾಟಲಿ ತೊಳೆದು ತರಬೇಡಿ, ನಿಜವಾಗಿಯೂ ತರುತ್ತಾರೆ. ಕೊಟಿನಿನ್ ಅಷ್ಟು ಬೇಗ ಕೆಡುವ ವಸ್ತು ಅಲ್ಲ, ಆಟೋದಲ್ಲಿ ಅರ್ಧ ಗಂಟೆ ತಡವಾದರೆ ಏನೂ ಆಗುವುದಿಲ್ಲ.

ಲೀಟರ್‌ಗಟ್ಟಲೆ ನೀರು ಕುಡಿದು ಬರುವವರಿಗೆ ಒಂದು ಮಾತು. ಮೂತ್ರ ಎಷ್ಟು ತೆಳು, ಎಷ್ಟು ಗಟ್ಟಿ ಅಂತ ತಿಳಿಯಲು ಅದರಲ್ಲಿರುವ ಕ್ರಿಯಾಟಿನಿನ್ ಅನ್ನೋ ವಸ್ತುವನ್ನೂ ಅಳೆಯುತ್ತಾರೆ. ಅದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಬಂದರೆ 'ತೆಳು ಸ್ಯಾಂಪಲ್' ಅಂತ ಬರೆದು ಮತ್ತೆ ಕರೆಸುತ್ತಾರೆ. ನಿಂಬೆಹಣ್ಣು, ಮಜ್ಜಿಗೆ, ಎಳನೀರು, ಆನ್‌ಲೈನ್ 'ಡಿಟಾಕ್ಸ್' ಪುಡಿ, ಇವು ಯಾವುದೂ ಕೊಟಿನಿನ್ ಓಡಿಸುವುದಿಲ್ಲ.

ಟೆಕ್ನೀಷಿಯನ್‌ಗೆ ನಿಜ ಹೇಳಿ: ಸೇದುವುದು ಮಾತ್ರ ಅಲ್ಲ, ಜಗಿಯುವುದು, ಮೂಸುವುದು, ನಿಕೋಟಿನ್ ಗಮ್, ಪ್ಯಾಚ್, ಹುಕ್ಕಾ, ಎಲ್ಲಾ. ಕೊನೆಯ ಸಲ ಯಾವಾಗ ಅಂತಲೂ ಹೇಳಿ. ನಾವು ಅದನ್ನು ಫಾರಂನಲ್ಲಿ ಬರೆಯುತ್ತೇವೆ, ರಿಪೋರ್ಟ್ ಓದುವ ಡಾಕ್ಟರಿಗೆ ಅದೇ ದಾರಿ.

"ನಾನು ಸಿಗರೇಟ್ ಮುಟ್ಟೋದೇ ಇಲ್ಲ ಕಣಮ್ಮ"

ಐವತ್ತೈದರ ಒಬ್ಬರು, ಹಣೆಗೆ ವಿಭೂತಿ. ಸರ್ಜನ್ ಬರೆದುಕೊಟ್ಟ ರಕ್ತದ ಟೆಸ್ಟಿನಲ್ಲಿ ಕೊಟಿನಿನ್ 180. ನನ್ನ ಮೇಲೆ ರೇಗಿದರು, ಸ್ಯಾಂಪಲ್ ಅದಲು-ಬದಲು ಆಗಿದೆ ಅಂದರು. ಅವರ ಹೆಂಡತಿ ಮೆಲ್ಲಗೆ, "ಎಲೆ ಅಡಿಕೆಗೆ ಕಡ್ಡಿಪುಡಿ ಹಾಕ್ಕೋತಾರಲ್ಲಮ್ಮ, ಅದೂ ಲೆಕ್ಕಾನಾ?" ಅಂದರು.

ಅದೇ ಲೆಕ್ಕ. ಕಡ್ಡಿಪುಡಿ, ಹೊಗೆಸೊಪ್ಪು, ಜರ್ದಾ, ಗುಟ್ಕಾ, ಖೈನಿ, ನಸ್ಯ, ಎಲ್ಲದರಲ್ಲೂ ಇರುವುದು ಅದೇ ನಿಕೋಟಿನ್. ಅದು ಬಾಯಿಂದ ಬಂತೋ ಮೂಗಿಂದ ಬಂತೋ ಪುಪ್ಪುಸದಿಂದ ಬಂತೋ ಕೊಟಿನಿನ್ ಹೇಳುವುದಿಲ್ಲ. ಕರ್ನಾಟಕದಲ್ಲಿ ಇದು ಸಣ್ಣ ವಿಷಯ ಅಲ್ಲ. 2016-17ರ ದೇಶವ್ಯಾಪಿ ತಂಬಾಕು ಸರ್ವೆಯಲ್ಲಿ ರಾಜ್ಯದ ವಯಸ್ಕರಲ್ಲಿ ಸೇದುವವರು ನೂರಕ್ಕೆ 8.8, ಹೊಗೆಯಿಲ್ಲದ ತಂಬಾಕು ಬಳಸುವವರು 16.3. ನಮ್ಮಲ್ಲಿ ಜಗಿಯುವವರೇ ಜಾಸ್ತಿ. ಇನ್ಶೂರೆನ್ಸ್ ಫಾರಂನಲ್ಲೂ ಸಾಮಾನ್ಯವಾಗಿ 'ಯಾವುದೇ ರೂಪದ ತಂಬಾಕು' ಅಂತಲೇ ಕೇಳುವುದು. 'ಸೇದಲ್ಲ' ಅಂತ ಟಿಕ್ ಹಾಕಿ ಕಡ್ಡಿಪುಡಿ ಮುಚ್ಚಿಟ್ಟರೆ, ಪಾಲಿಸಿಯ ಮೊದಲ 3 ವರ್ಷದೊಳಗೆ ಕ್ಲೇಮ್ ಬಂದಾಗ ಕಂಪನಿ ಅದನ್ನು ಕೆದಕಬಹುದು. ಆಗ ಓಡಾಡುವವರು ಮನೆಯವರು.

ತಂಬಾಕು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಬರುವವರನ್ನು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಸೊಪ್ಪು ಮುರಿಯಲು ಹೋಗಿದ್ದಿರಾ? ಮಳೆಯಲ್ಲಿ ನೆನೆದ ತಂಬಾಕಿನ ಎಲೆ ಮುರಿದರೆ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ತಲೆಸುತ್ತು, ವಾಂತಿ ಬರುವುದೂ ಇದರಿಂದಲೇ. ಒಂದೂ ಬೀಡಿ ಸೇದದ ಹೆಂಗಸಿನ ಕೊಟಿನಿನ್ ಏರಿರಬಹುದು. ಬೀಡಿ ಕಟ್ಟುವವರಿಗೂ ಇದೇ ಮಾತು.

ಇನ್ನು ನಿಕೋಟಿನ್ ಗಮ್, ಪ್ಯಾಚ್. ಇವನ್ನು ಬಳಸುತ್ತಾ ತಂಬಾಕು ಬಿಟ್ಟವರಿಗೂ ಕೊಟಿನಿನ್ ಪಾಸಿಟಿವ್ ಬರುತ್ತದೆ. ಪಾಪ, ಪ್ರಾಮಾಣಿಕವಾಗಿ ಬಿಟ್ಟಿರುತ್ತಾರೆ. ಅಂಥವರು ಅನಬಸಿನ್ ಟೆಸ್ಟ್ ಕೇಳಬೇಕು. ಅದು ತಂಬಾಕಿನ ಎಲೆಯಲ್ಲಿರುವ ಇನ್ನೊಂದು ವಸ್ತು, ಗಮ್‌ನಲ್ಲಿ ಇರುವುದಿಲ್ಲ. ಮೂತ್ರದಲ್ಲಿ ಅನಬಸಿನ್ ಇಲ್ಲ, ಕೊಟಿನಿನ್ ಇದೆ ಅಂದರೆ ಗಮ್ಮಿನ ಲೆಕ್ಕ. ಎಲ್ಲ ಕಡೆ ಮಾಡುವುದಿಲ್ಲ, ಸರ್ಜನ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಬದನೆಕಾಯಿ, ಟೊಮೆಟೊ, ಆಲೂಗಡ್ಡೆಯಲ್ಲೂ ನಿಕೋಟಿನ್ ಇದೆಯಂತಲ್ಲ ಅಂತ ಓದಿಕೊಂಡು ಬರುವವರಿದ್ದಾರೆ. ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಎಣ್ಣೆಗಾಯಿ ತಿಂದು 180 ಬರುವುದಿಲ್ಲ.

ಊದುವ ಟೆಸ್ಟ್

ತಂಬಾಕು ಬಿಡಿಸುವ ಕ್ಲಿನಿಕ್‌ಗಳಲ್ಲಿ ಉಸಿರಿನ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಚಿಕ್ಕ ಯಂತ್ರ ಇರುತ್ತದೆ. ಸುಮಾರು 15 ಸೆಕೆಂಡ್ ಉಸಿರು ಹಿಡಿದು ನಿಧಾನ ಊದಬೇಕು. 6ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಗೆರೆ ದಾಟಿದರೆ ಸೇದಿದ್ದಾರೆ ಅಂತ ಹಿಡಿಯುತ್ತಾರೆ. ತಕ್ಷಣ ಸಂಖ್ಯೆ ಕಾಣುವುದರಿಂದ ಬಿಡುತ್ತಿರುವವರಿಗೆ ಹುರುಪು ಬರುತ್ತದೆ. ಆದರೆ ಈ ಅನಿಲ ನಾಲ್ಕೈದು ಗಂಟೆಗೆ ಅರ್ಧ ಆಗಿಹೋಗುತ್ತದೆ, ನಿನ್ನೆಯ ಸಿಗರೇಟ್ ಇವತ್ತು ಸಿಗುವುದಿಲ್ಲ. ಜಗಿಯುವವರೂ ಸಿಗುವುದಿಲ್ಲ. ಸೌದೆ ಒಲೆ ಮುಂದೆ ಕೂತು ಬಂದ ಅಜ್ಜಿ ಮಾತ್ರ ಸಿಕ್ಕಿಬೀಳುತ್ತಾರೆ!

ರಕ್ತದಲ್ಲಿ ಇದೇ ಅನಿಲವನ್ನು ಕಾರ್ಬಾಕ್ಸಿಹೀಮೊಗ್ಲೋಬಿನ್ ಅಂತ ಅಳೆಯುತ್ತಾರೆ. ಸೇದದವರಲ್ಲಿ ನೂರಕ್ಕೆ 2ರೊಳಗೆ, ಸೇದುವವರಲ್ಲಿ ಅದಕ್ಕಿಂತ ಜಾಸ್ತಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದನ್ನು ತೋರಿಸುವುದಿಲ್ಲ. ಅದು ಈ ಕೆಟ್ಟ ಹೀಮೊಗ್ಲೋಬಿನ್ನನ್ನೂ ಆಕ್ಸಿಜನ್ ಅಂತಲೇ ಎಣಿಸಿ 98 ತೋರಿಸಿಬಿಡುತ್ತದೆ.

ರಿಪೋರ್ಟ್ ಕೈಗೆ ಬಂದ ಮೇಲೆ

ಮೊದಲು ಸ್ಯಾಂಪಲ್ ಯಾವುದು ಅಂತ ನೋಡಿ, ಆಮೇಲೆ ಸಂಖ್ಯೆ. ರಕ್ತದ ಗೆರೆಯಲ್ಲಿ ಮೂತ್ರದ ಸಂಖ್ಯೆ ಇಟ್ಟು ಹೆದರಿದವರು ಬಹಳ. ರಕ್ತದಲ್ಲಿ ಸಾಮಾನ್ಯವಾಗಿ ಹೀಗೆ ಓದುತ್ತಾರೆ: 1 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಹೊಗೆ ತೀರಾ ಕಡಿಮೆ ಅಥವಾ ಇಲ್ಲ. 1ರಿಂದ 10ರೊಳಗೆ ಇದ್ದರೆ ಬೇರೆಯವರ ಹೊಗೆ ಚೆನ್ನಾಗಿಯೇ ಹೋಗಿದೆ, ಅಥವಾ ಅಪರೂಪಕ್ಕೆ ಸೇದುತ್ತಾರೆ. 10 ದಾಟಿದರೆ ಸ್ವಂತ ಬಳಕೆ. ಮೂತ್ರದ ಕಟ್-ಆಫ್ ಲ್ಯಾಬಿನಿಂದ ಲ್ಯಾಬಿಗೆ 50, 100, 200 ಅಂತ ಬೇರೆ ಬೇರೆ. ಅದಕ್ಕೇ ಕೆಳಗಿನ ಚಿಕ್ಕ ಅಕ್ಷರ ಓದಿ ಅನ್ನುವುದು. ಬೀಡಿ ಸಣ್ಣದು ಅಂತ ಸಂಖ್ಯೆಯೂ ಸಣ್ಣದಾಗಿ ಬರುವುದಿಲ್ಲ.

ಇನ್ಶೂರೆನ್ಸ್, ಆಪರೇಷನ್‌ಗಾಗಿ ಮಾಡಿದ ಸ್ಟ್ರಿಪ್ ಟೆಸ್ಟ್ ಪಾಸಿಟಿವ್ ಬಂದು, ನೀವು ನಿಜಕ್ಕೂ ಬಳಸಿಲ್ಲವಾದರೆ, ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ ಖಚಿತ ಮಾಡಿಸಿ ಅಂತ ಬರವಣಿಗೆಯಲ್ಲಿ ಕೇಳಿ. ಅದು ನಿಮ್ಮ ಹಕ್ಕಿನ ಮಾತು, ನಾಚಿಕೆ ಬೇಡ.

ಈಗ ಆ ಉಬ್ಬಸದ ಹುಡುಗನ ರಿಪೋರ್ಟ್. 14 ಅಂತ ನೋಡಿ ಅಪ್ಪ ಬಾಲ್ಕನಿ ಬಿಟ್ಟು ಟೆರೇಸಿಗೆ ಹೋದ. ತಿಂಗಳು ಬಿಟ್ಟು ಮತ್ತೆ ಟೆಸ್ಟ್. ಈ ಸಲ 8. ತಾಯಿಗೆ ಖುಷಿಯೋ ಖುಷಿ. ನಾನು ಕ್ರಿಯಾಟಿನಿನ್ ಕಡೆ ಬೆರಳಿಟ್ಟೆ. ಮೊದಲ ಸಲ ಡೆಸಿಲೀಟರಿಗೆ 70 ಮಿಲಿಗ್ರಾಂ ಇತ್ತು, ಅಂದರೆ ಮಿಲಿಲೀಟರಿಗೆ 0.7. 14ನ್ನು 0.7ರಿಂದ ಭಾಗಿಸಿದರೆ 20. ಎರಡನೆಯ ಸಲ ಕ್ರಿಯಾಟಿನಿನ್ 40, ಅಂದರೆ 0.4. 8ನ್ನು 0.4ರಿಂದ ಭಾಗಿಸಿ. ಮತ್ತೆ 20. ಹೊಗೆ ಒಂದು ಚೂರೂ ಕಡಿಮೆ ಆಗಿಲ್ಲ, ಮಗು ಆವತ್ತು ನೀರು ಜಾಸ್ತಿ ಕುಡಿದಿತ್ತು ಅಷ್ಟೇ.

ಅಪ್ಪ ಟೆರೇಸಿಗೆ ಹೋದರೂ ಅಂಗಿ ಅದೇ, ಮಗುವನ್ನು ಎತ್ತಿಕೊಳ್ಳುವುದೂ ಅದೇ ಅಂಗಿಯಲ್ಲಿ. ತಾತನ ಜಗಲಿ ಕಿಟಕಿಯ ಪಕ್ಕದಲ್ಲೇ ಇತ್ತು. ಮೊಮ್ಮಗ ಮಲಗುವ ಕೋಣೆಯದೇ ಕಿಟಕಿ ಅದು.

ಬಿಡಬೇಕು ಅನ್ನುವವರಿಗೆ ದೇಶದ ಟೋಲ್-ಫ್ರೀ ಕ್ವಿಟ್‌ಲೈನ್ ಇದೆ, 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಒಂದು ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಆ ಅಪ್ಪನಿಗೆ ರಿಪೋರ್ಟಿನ ಹಿಂದೆ ಬರೆದುಕೊಟ್ಟೆ.

ಮತ್ತೆ ಟೆಸ್ಟ್ ಮಾಡಿಸುವವರು ಅದೇ ಲ್ಯಾಬ್, ಅದೇ ಬಗೆಯ ಸ್ಯಾಂಪಲ್, ಅದೇ ವಿಧಾನ ಇಟ್ಟುಕೊಳ್ಳಿ. ಮಗುವಿಗಾದರೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗಿ ಬಂದ ಮರುದಿನ ಮಾಡಿಸಬೇಡಿ. ಕೊಟಿನಿನ್ ಹೇಳುವುದು ಹಿಂದಿನ ಎರಡು ಮೂರು ದಿನದ ಸುದ್ದಿ, ಅಜ್ಜಿ ಮನೆಯ ಒಳ್ಳೆಯ ಗಾಳಿ ನಿಮ್ಮ ಮನೆಯ ಲೆಕ್ಕಕ್ಕೆ ಬರೆದುಹೋಗುತ್ತದೆ. ವಾರದ ನಡುವೆ, ಎಂದಿನ ಹಾಗೆ ಮನೆಯಲ್ಲೇ ಇದ್ದ ದಿನಗಳ ನಂತರ, ಬೆಳಗಿನ ಮೊದಲ ಮೂತ್ರ. ಚೀಟಿಯಲ್ಲಿ ಕ್ರಿಯಾಟಿನಿನ್ ಜೊತೆಗೆ ಅಂತ ಬರೆಸಿಕೊಂಡು ಬನ್ನಿ.